ಲ್ಯಾಬಿನ ಬೀರು ತೆಗೆಯಿರಿ, ಮಕ್ಕಳು ಜೀವಕೋಶ ನೋಡಲಿ

ಮಾನ್ಯ ಸಂಪಾದಕರೇ,

ನಾನು ಮೇಷ್ಟ್ರಲ್ಲ. ಹಾಸನ ಜಿಲ್ಲೆಯ ಪಿಯು ಕಾಲೇಜುಗಳಲ್ಲಿ 29 ವರ್ಷ ಜೀವಶಾಸ್ತ್ರದ ಲ್ಯಾಬ್ ಅಟೆಂಡರ್ ಆಗಿದ್ದವನು. ಸ್ಲೈಡ್ ತೊಳೆಯುವುದು, ಸಂತೆಯಿಂದ ಈರುಳ್ಳಿ ತರುವುದು, ಬಣ್ಣದ ಬಾಟಲಿ ತುಂಬಿಸುವುದು, ಮಕ್ಕಳು ಹೋದಮೇಲೆ ಮೈಕ್ರೋಸ್ಕೋಪ್ ಒರೆಸಿ ಬೀರುವಿನಲ್ಲಿ ಇಡುವುದು ನನ್ನ ಕೆಲಸವಾಗಿತ್ತು. ಈಗ ಸಕಲೇಶಪುರದ ಹತ್ತಿರ ನಮ್ಮೂರಿನಲ್ಲಿ ಎರಡು ಎಕರೆ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಪೇಪರಿಗೆ ಬರೆದು ಅಭ್ಯಾಸವಿಲ್ಲ. ಆದರೂ ಹೋದ ತಿಂಗಳು ಮನೆಯಲ್ಲಿ ನಡೆದದ್ದನ್ನು ಮಕ್ಕಳನ್ನು ಸೈನ್ಸ್‌ಗೆ ಸೇರಿಸಿರುವ ಅಪ್ಪ ಅಮ್ಮಂದಿರಿಗೆ ಹೇಳಲೇಬೇಕು ಅನ್ನಿಸಿತು.

ಮೊಮ್ಮಗಳು ಎರಡು ದಿನ ಇರಲು ಬಂದಿದ್ದಳು. ಸೆಕೆಂಡ್ ಪಿಯುಸಿ. ಡಾಕ್ಟರ್ ಆಗುವ ಆಸೆ. ನೀಟ್‌ನ 720 ಅಂಕದಲ್ಲಿ 360 ಜೀವಶಾಸ್ತ್ರದ್ದೇ ಅಲ್ವಾ, ಹಾಗಾಗಿ ಊರಿಗೆ ಬಂದರೂ ಕೈಯಲ್ಲಿ ನೋಟ್ಸ್. ಅವತ್ತು ಅವಳ ಅಜ್ಜಿ ಉಪ್ಪಿನಕಾಯಿಗೆ ಖಾರ ಕಡೆಯಲು ಮಾವಿನ ಮಿಡಿಯ ಜಾಡಿ ತೆಗೆದಿದ್ದಳು. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ ಮಿಡಿ. ಚೆನ್ನಾಗಿ ಸುಕ್ಕುಗಟ್ಟಿ ನೀರಿನಲ್ಲಿ ಮುಳುಗಿತ್ತು.

"ಪುಟ್ಟಿ, ನಾವು ಹಾಕಿದ್ದು ಬರೀ ಕಲ್ಲುಪ್ಪು. ಒಂದು ಹನಿ ನೀರು ಹಾಕಿಲ್ಲ. ಇಷ್ಟು ನೀರು ಎಲ್ಲಿಂದ ಬಂತು?" ಎಂದು ಕೇಳಿದೆ.

"ಉಪ್ಪು ಕರಗಿ ನೀರಾಗಿದೆ ಅಜ್ಜ" ಅಂದಳು.

ಆಸ್ಮೋಸಿಸ್ (ನೀರು ತೆಳು ಪೊರೆ ದಾಟಿ, ಉಪ್ಪಿನಂಥದ್ದು ಜಾಸ್ತಿ ಕರಗಿರುವ ಕಡೆಗೆ ಹೋಗುವುದು) ಅಂದರೇನು ಎಂದು ಕೇಳಿದರೆ ಅದೇ ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಒಂದಕ್ಷರ ತಪ್ಪಿರಲಿಲ್ಲ. ನೋಟ್ಸಿನ ಆಸ್ಮೋಸಿಸ್ ಮತ್ತು ಅಜ್ಜಿಯ ಜಾಡಿಯೊಳಗಿನ ನೀರು ಎರಡೂ ಒಂದೇ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಮೈಕ್ರೋಸ್ಕೋಪ್‌ನಲ್ಲಿ ನೋಡಿಲ್ವಾ ಎಂದರೆ, "ಲ್ಯಾಬ್ ಇದೆ ಅಜ್ಜ. ಬೀಗ ಹಾಕಿರ್ತಾರೆ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ತೋರಿಸ್ತಾರಂತೆ" ಎಂದಳು. ಕಾಲೇಜಿಗೆ ಸೇರಿ ಒಂದು ವರ್ಷ ದಾಟಿದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ರಿಟೈರ್ ಆದಾಗ ಜೊತೆಯವರೆಲ್ಲ ಸೇರಿ ಒಂದು ಚಿಕ್ಕ ಮೈಕ್ರೋಸ್ಕೋಪ್ ಕೊಟ್ಟಿದ್ದರು. ಬೆಳಿಗ್ಗೆ ಅದನ್ನು ಜಗಲಿಯ ಮೇಲೆ ಇಟ್ಟೆ. ಮಳೆ ಹಿಡಿದು ಬೆಳಕು ಸಾಲದೆ ಕನ್ನಡಿಗೆ ಟಾರ್ಚ್ ಬಿಡಬೇಕಾಯಿತು. ಅಂಗಳದ ಕುಂಡದಲ್ಲಿ ರಿಯೋ ಗಿಡವಿದೆ. ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆ. ಎಲೆಯನ್ನು ಓರೆಯಾಗಿ ಹರಿದರೆ ನೇರಳೆ ಸಿಪ್ಪೆ ತೆಳ್ಳಗೆ ಬಿಟ್ಟುಕೊಂಡು ಬರುತ್ತದೆ. ಅದನ್ನು ಒಂದು ಹನಿ ನೀರಿನಲ್ಲಿಟ್ಟು, ಗುಳ್ಳೆ ಬಾರದ ಹಾಗೆ ಕವರ್ ಸ್ಲಿಪ್ ಎಂಬ ತೆಳು ಗಾಜನ್ನು ಓರೆಯಾಗಿ ಇಳಿಸಬೇಕು. ಅವಳು ಮೂರು ಸಲ ಗುಳ್ಳೆ ಮಾಡಿದಳು. ನಾಲ್ಕನೇ ಸಲ ಸರಿಯಾಯಿತು. ಅಂಗಳಕ್ಕೆ ಹಾಸಿದ ಹೆಂಚಿನಂತೆ ಒಂದರ ಪಕ್ಕ ಒಂದು ಕೋಶ, ಒಳಗೆ ತುಂಬಿದ ನೇರಳೆ ಬಣ್ಣ.

ಆಮೇಲೆ ಕವರ್ ಸ್ಲಿಪ್‌ನ ಒಂದು ಅಂಚಿಗೆ ಗಟ್ಟಿ ಉಪ್ಪುನೀರು ಬಿಟ್ಟು, ಇನ್ನೊಂದು ಅಂಚಿನಿಂದ ಕಾಗದದ ಚೂರಿನಲ್ಲಿ ಹೀರಿಸಿದೆವು. ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣ ಗೋಡೆ ಬಿಟ್ಟು ನಡುವಿಗೆ ಮುದುಡತೊಡಗಿತು. ಗೋಡೆ ಮಾತ್ರ ಇದ್ದಲ್ಲೇ ಇತ್ತು. ಕೋಶದ ಒಳಗಿನ ನೀರು ಪೊರೆ ದಾಟಿ ಹೊರಗಿನ ಉಪ್ಪಿನ ಕಡೆ ಹೋಗುತ್ತಿದೆ. "ಅಜ್ಜ, ಮಿಡಿ!" ಎಂದು ಕೂಗಿದಳು. ಮತ್ತೆ ಸಾದಾ ನೀರು ಬಿಟ್ಟೆವು. ಬಣ್ಣ ನಿಧಾನವಾಗಿ ಹಿಗ್ಗಿ ಗೋಡೆ ಮುಟ್ಟಿತು.

ಆಗ ಅವಳೇ ಕೇಳಿದಳು, ಬೇಯಿಸಿದ ಎಲೆಯಾದರೆ ಏನಾಗುತ್ತೆ ಅಂತ. ಏನಾಗಬಹುದು, ಮೊದಲು ನೀನೇ ಹೇಳು ಎಂದೆ. "ಇನ್ನೂ ಜಾಸ್ತಿ ಮುದುಡುತ್ತೆ" ಅಂದಳು. ಅದೇ ಗಿಡದ ಎಲೆ, ಅದೇ ಉಪ್ಪುನೀರು. ಬದಲಾಗಿದ್ದು ಕುದಿಸಿದ್ದು ಒಂದೇ. ಬಿಸಿನೀರಿಗೆ ಹಾಕಿದ ಎಲೆಯಿಂದ ಬಣ್ಣ ಪಾತ್ರೆಯ ನೀರಿಗೇ ಇಳಿಯಿತು. ಸಿಪ್ಪೆ ತೆಗೆದು ನೋಡಿದರೆ ಕೋಶಗಳೆಲ್ಲ ಮಂಕು. ಉಪ್ಪುನೀರು ಬಿಟ್ಟರೂ ಏನೂ ಮುದುಡಲಿಲ್ಲ. ಪೊರೆಗೆ ಜೀವ ಇದ್ದರೆ ತಾನೇ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಕಾವಲು? ಅವಳ ಊಹೆ ತಪ್ಪಾಯಿತು. ನನಗೆ ಬಹಳ ಸಂತೋಷವಾಯಿತು. ಈ ಪ್ರಯೋಗ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಓದಿ ಮುಂದೆ ಹೋಗಿದ್ದಳು, ಮಾಡಿರಲಿಲ್ಲ.

ವೈಜ್ಞಾನಿಕ ವಿಧಾನ ಎಂದು ಮಕ್ಕಳಿಗೆ ಐದಾರು ಹಂತ ಬರೆಸಿ ಉರು ಹೊಡೆಸುತ್ತಾರೆ. ನಮ್ಮ ತೋಟದ ಡ್ರಮ್ಮಿನ ಪಕ್ಕ ನಿಲ್ಲಿಸಿದರೆ ಸಾಕು. ಮಳೆಗೆ ಮುಂಚೆ ನಾವು ಗಿಡಗಳಿಗೆ ರೋಗ ಬಾರದಿರಲಿ ಎಂದು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಆಗದು. ಹದ ನೋಡಲು ಉಜ್ಜಿದ ಚಾಕುವನ್ನು ಅದ್ದುತ್ತೇವೆ. ಅಲಗಿನ ಮೇಲೆ ಕೆಂಪಗೆ ಹಿಡಿದರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಎಂದರ್ಥ, ಸುಣ್ಣ ಸಾಲದು. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂರುತ್ತದೆ. ಇದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠ ನನಗೆ ಗೊತ್ತಿಲ್ಲ.

ಈ ಔಷಧಿ ಹುಟ್ಟಿದ ಕತೆಯೂ ಮಕ್ಕಳಿಗೆ ಗೊತ್ತಾಗಬೇಕು. ಫ್ರಾನ್ಸಿನ ಬೋರ್ಡೋ ಸುತ್ತಿನ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕೀಳಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ, ಸುಣ್ಣ ಎರಚುತ್ತಿದ್ದರಂತೆ. ಬೂಜು ರೋಗ ಬಂದಾಗ ಆ ಸಾಲುಗಳ ಎಲೆ ಮಾತ್ರ ಉಳಿದದ್ದನ್ನು ಸಸ್ಯಶಾಸ್ತ್ರದ ಮೇಷ್ಟ್ರು ಮಿಲ್ಯಾರ್ಡೆ ಗಮನಿಸಿದರು. ನೋಡಿದ್ದಕ್ಕೇ ನಿಲ್ಲಿಸಲಿಲ್ಲ. ಏಕೆ ಎಂದು ಕೇಳಿದರು, ತೋಟದಲ್ಲಿ ಹೊಡೆದು ಪರೀಕ್ಷಿಸಿದರು, 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ ಅಡಿಕೆಯ ಕೊಳೆ ರೋಗ ಅಭ್ಯಾಸ ಮಾಡಿ, ಇದೇ ದ್ರಾವಣವನ್ನು ನಮ್ಮ ಮಲೆನಾಡಿನ ತೋಟಗಳಿಗೆ ತಂದರು.

ಜೀವಕೋಶದ ಕತೆಯೂ ಕಣ್ಣಿನಿಂದಲೇ ಶುರುವಾದದ್ದು. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ (ಬಾಟಲಿಗೆ ಹಾಕುವ ಕಾರ್ಕ್) ತೆಳು ಚೂರಿನಲ್ಲಿ ಚಿಕ್ಕ ಚಿಕ್ಕ ಕೋಣೆಗಳನ್ನು ಕಂಡು 'ಸೆಲ್' ಎಂದು ಹೆಸರಿಟ್ಟರು. ಅವು ಸತ್ತ ಕೋಶದ ಗೋಡೆಗಳು. ಅದಾಗಿ ಹತ್ತು ವರ್ಷದೊಳಗೆ ನೀರಿನಲ್ಲಿ ಜೀವಂತ ಸೂಕ್ಷ್ಮಜೀವಿಗಳನ್ನು ಕಂಡವರು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ಕಾಲೇಜು ಓದಿರಲಿಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ಕಂಡದ್ದನ್ನು ತಮ್ಮ ಡಚ್ ಭಾಷೆಯಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದರು. ನನ್ನಂಥ ಅಟೆಂಡರಿಗೆ ಅವರ ಮೇಲೆ ತುಂಬಾ ಪ್ರೀತಿ.

ಈಗ ಬೀರುವಿನ ವಿಷಯ. ಮಕ್ಕಳು ಮುಟ್ಟಿದರೆ ಲೆನ್ಸ್ ಹಾಳಾಗುತ್ತದೆ ಎಂದು ಬೀಗ ಹಾಕುತ್ತಾರೆ. ನನ್ನ ಅನುಭವ ಬೇರೆ. ಮಕ್ಕಳ ಕೈಯಲ್ಲಿ ಕವರ್ ಸ್ಲಿಪ್ ಒಡೆಯುವುದು ನಿಜ, ಅದು ಒಡೆಯಲೆಂದೇ ಇರುವ ಗಾಜು. ಲೆನ್ಸ್ ಹಾಳಾದದ್ದನ್ನು ನಾನು ಜಾಸ್ತಿ ನೋಡಿರುವುದು ಮುಚ್ಚಿದ ಬೀರುವಿನಲ್ಲೇ. ಮಲೆನಾಡಿನ ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಫಂಗಸ್ ಹಿಡಿಯುತ್ತದೆ, ಜೇಡರ ಬಲೆಯ ಹಾಗೆ. ಒಮ್ಮೆ ಗಾಜನ್ನು ತಿಂದರೆ ಒರೆಸಿದರೂ ಹೋಗುವುದಿಲ್ಲ. ಗಾಳಿ ಬೆಳಕು ಕಂಡ, ವಾರಕ್ಕೆರಡು ಸಲ ಕೈಯಾಡಿದ ಮೈಕ್ರೋಸ್ಕೋಪ್ ಚೆನ್ನಾಗಿಯೇ ಇರುತ್ತದೆ. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ನೀಲಿ ಹರಳು ಗುಲಾಬಿಗೆ ತಿರುಗಿದಾಗಲೆಲ್ಲ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ನಾನು 29 ವರ್ಷ ಮಾಡಿದ್ದು ಅದನ್ನೇ.

ಸೆಕೆಂಡ್ ಪಿಯುಸಿಯಲ್ಲಿ ಜೀವಶಾಸ್ತ್ರದ ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಆ ಅಂಕ ಹೇಗೋ ಬರುತ್ತದೆ ಎಂದು ಎಲ್ಲರೂ ಸುಮ್ನೆ ಇದ್ದೇವೆ. ತಪ್ಪು ಕಾಲೇಜಿನವರದ್ದು ಮಾತ್ರ ಅಂತ ನಾನು ಹೇಳುವುದಿಲ್ಲ. ಅಡ್ಮಿಶನ್ ದಿನ ಫೀಸು, ಹಾಸ್ಟೆಲ್, ಹಿಂದಿನ ವರ್ಷದ ರಿಸಲ್ಟ್ ಕೇಳುವ ನಾವು, ಲ್ಯಾಬ್ ತೋರಿಸಿ ಎಂದು ಕೇಳುವುದೇ ಇಲ್ಲ. ನನ್ನ ಮಗಳೂ ಕೇಳಿರಲಿಲ್ಲ. ಮುಂದಿನ ಸಲ ಕೇಳಿ. ಬೀಗದ ಕೈ ಹುಡುಕಲು ಎಷ್ಟು ಹೊತ್ತಾಯಿತು ಎಂದೂ ಗಮನಿಸಿ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಫಸ್ಟ್ ಪಿಯುಸಿಯ ಮೊದಲ ತಿಂಗಳಲ್ಲೇ, ಜೀವಕೋಶದ ನೋಟ್ಸ್ ಕೊಡುವ ಮುಂಚೆ, ಪ್ರತಿ ಮಗುವೂ ತಾನೇ ಒಂದು ಸ್ಲೈಡ್ ಮಾಡಿ ಹತ್ತು ನಿಮಿಷ ನೋಡಲಿ. ಈರುಳ್ಳಿ ಸಿಪ್ಪೆ, ಒಂದು ಹನಿ ಅಯೋಡಿನ್ ಸಾಕು. ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬರೆಯಲಿ. ಸಿಬ್ಬಂದಿ ಇಲ್ಲ ಎನ್ನುವುದಾದರೆ ನನ್ನಂಥ ರಿಟೈರ್ ಆದವರು ತಾಲ್ಲೂಕಿಗೆ ಒಬ್ಬರಾದರೂ ಸಿಗುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಯಾವ ಕಾಲೇಜು ಕರೆದರೂ ನಾನು ಬರುತ್ತೇನೆ, ಸಂಬಳ ಬೇಡ. ಕುಂಡದ ರಿಯೋ ಈ ಮಳೆಗೆ ಏಳೆಂಟು ಮರಿ ಹಾಕಿದೆ. ಅದನ್ನೂ ತರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಅಟೆಂಡರ್,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ