ಡಾಕ್ಟರ ಮುಂದೆ ನೀನೇ ಮಾತಾಡು

ಕೂಸೇ,

ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ದಣಪೆ ಹತ್ತಿರ ನಿಂತರೆ ಮಾತ್ರ, ಅಲ್ಲಿ ನಿಂತು ಕೂಗಿ ಹೇಳುವ ವಿಷಯವಲ್ಲ ಇದು. ಅಡಿಕೆ ಮರಕ್ಕೆ ಕೊಳೆ ಔಷಧಿ ಹೊಡೆಯಲು ಬಂದ ಕೊನೆಗೌಡರು ಬೇರೆ ಮಳೆ ಬಿಡಲಿ ಎಂದು ಜಗಲಿಯಲ್ಲೇ ಕವಳ ಹಾಕುತ್ತ ಕೂತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಉದ್ದವಾದರೆ ಬೈಯಬೇಡ.

ಮುಟ್ಟಿನ ತೊಂದರೆ ತೋರಿಸಲು ಮಂಗಳವಾರ ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರಲೇ ಎಂದು ಕೇಳಿದ್ದಕ್ಕೆ ನೀನು ಬೇಡ ಎಂದೆ. ಒಂದು ಗಳಿಗೆ ಬೇಜಾರಾಯಿತು, ಆಮೇಲೆ ನೀನು ಹೇಳಿದ್ದೇ ಸರಿ ಅನ್ನಿಸಿತು. ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ ಕಾರವಾರಕ್ಕೆ ಬರುವುದು ನನಗೇನೂ ಕಷ್ಟವಲ್ಲ. ಆದರೆ ನಾನು ಪಕ್ಕದಲ್ಲಿ ಕೂತರೆ ಡಾಕ್ಟರು ಕೇಳಿದ್ದಕ್ಕೆಲ್ಲ ನೀನು ಮೊದಲು ನನ್ನ ಮುಖ ನೋಡುತ್ತೀಯ. ಮದುವೆಗೆ ಮೊದಲು ಅಮ್ಮಮ್ಮ ನನ್ನನ್ನು ಹೀಗೇ ಕರೆದುಕೊಂಡು ಹೋಗಿದ್ದಳು. ಪ್ರಶ್ನೆ ನನಗೆ, ಉತ್ತರ ಅವಳದ್ದು. ಎಷ್ಟು ಹೋಗುತ್ತದೆ ಎಂದರೆ "ಎಲ್ಲರ ಹಾಂಗೇಯ" ಎಂದುಬಿಟ್ಟಳು. ನನಗೋ ರಾತ್ರಿ ಎದ್ದು ಎದ್ದು ಬಟ್ಟೆ ಬದಲಿಸಬೇಕಾಗುತ್ತಿತ್ತು. ಬಾಯಿ ಬಿಡುವ ಧೈರ್ಯ ಇರಲಿಲ್ಲ. ಟಾನಿಕ್ಕು ಬರೆದುಕೊಟ್ಟರು, ಬಂದೆವು. ರಕ್ತ ಅಷ್ಟೊಂದು ಕಡಿಮೆ ಇದೆ ಎಂದು ಗೊತ್ತಾದದ್ದು ನೀನು ಹೊಟ್ಟೆಯಲ್ಲಿದ್ದಾಗ.

ಮೊದಲು ಕೇಳುವುದೇ ಕೊನೆಯ ಸಲ ಮುಟ್ಟಾದ ದಿನಾಂಕ. ಶುರುವಾದ ದಿನ ಹೇಳಬೇಕು, ನಿಂತ ದಿನ ಅಲ್ಲ. ಹಿಂದಿನ ಐದಾರು ತಿಂಗಳದ್ದನ್ನೂ ನೆನಪು ಮಾಡಿ ಚೀಟಿಯಲ್ಲಿ ಬರೆದುಕೋ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ 21ರಿಂದ 35 ದಿನ ಇದ್ದರೆ ಚಿಂತೆಯಿಲ್ಲ ಎನ್ನುತ್ತಾರೆ. ನಿನ್ನದು ಎರಡು ತಿಂಗಳು ದಾಟುತ್ತದೆಯಲ್ಲ, ಅದನ್ನು ದಿನಾಂಕ ಸಮೇತ ಹೇಳು. "ಸರಿಯಾಗಿ ಆಗ್ತಿಲ್ಲ" ಎಂದರೆ ಅವರಾದರೂ ಏನೆಂದು ತಿಳಿಯಬೇಕು? ಗಲ್ಲದ ಮೇಲೆ ಬರುವ ಕೂದಲನ್ನು ನೀನು ಕಿತ್ತುಕೊಂಡೇ ಹೋಗಿರುತ್ತೀಯ, ಅವರಿಗೆ ಕಾಣುವುದಿಲ್ಲ. ಅದನ್ನೂ ಹೇಳಬೇಕು. ತೂಕ ಏರಿದ್ದನ್ನೂ.

ಆನ್‌ಲೈನಿನಲ್ಲಿ ತರಿಸಿಕೊಂಡು ತಿನ್ನುತ್ತೀಯಲ್ಲ, ಕೂದಲು ಉದುರದಿರಲು ಮಾತ್ರೆ, ಅದನ್ನು ಇವತ್ತೇ ನಿಲ್ಲಿಸು. ಅದರಲ್ಲಿರುವ ಬಯೋಟಿನ್ ಎಂಬ ವಿಟಮಿನ್‌ನಿಂದ ಥೈರಾಯ್ಡ್ ಪರೀಕ್ಷೆಯ ಲೆಕ್ಕ ತಪ್ಪಾಗಿ ಬರಬಹುದು, ಇದ್ದದ್ದು ಇಲ್ಲದಂತೆ, ಇಲ್ಲದ್ದು ಇದ್ದಂತೆ. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನವಾದರೂ ಬಿಟ್ಟಿರಬೇಕು. ಮಾತ್ರೆಯ ಡಬ್ಬಿಯ ಫೋಟೋ ತೆಗೆದಿಟ್ಟುಕೋ, ಡಾಕ್ಟರಿಗೆ ತೋರಿಸು. ನಾನು ಕೊಟ್ಟು ಕಳಿಸಿದ ಅಶೋಕಾರಿಷ್ಟದ ಸುದ್ದಿಯನ್ನೂ ಹೇಳು, ಮುಚ್ಚಿಡಬೇಡ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ಮುಖ್ಯ ವಿಷಯ. "ಮದುವೆಯಾಗಿದೆಯಾ?" ಎಂದು ಕೇಳುತ್ತಾರೆ. ಆ ಕೋಣೆಯಲ್ಲಿ ಅವರಿಗೆ ಬೇಕಾದದ್ದು ನಿನ್ನ ಜಾತಕ ಅಲ್ಲ. ಗಂಡಸಿನ ಸಂಪರ್ಕ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಅವರ ಪರೀಕ್ಷೆಯ ದಾರಿ ಬೇರೆಯಾಗುತ್ತದೆ. ಒಳಗಿನಿಂದ ಪರೀಕ್ಷೆ ಮಾಡಬೇಕೋ, ಹೊಟ್ಟೆಯ ಮೇಲಿಂದ ಸ್ಕ್ಯಾನ್ ಸಾಕೋ ಎಂದು ಅದರಿಂದಲೇ ತೀರ್ಮಾನ ಮಾಡುತ್ತಾರೆ. ಮುಟ್ಟು ನಿಂತಿದೆ ಎಂದರೆ ಮೂತ್ರ ಪರೀಕ್ಷೆ ಮಾಡಿಸಿ ಬಸುರಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದೂ ಅವರ ಪದ್ಧತಿ, ಯಾರಿಗೇ ಆದರೂ. ಸಿಟ್ಟು ಮಾಡಿಕೊಳ್ಳಬೇಡ. ಸತ್ಯ ಏನಿದೆಯೋ ಅದನ್ನು ಹೇಳು. ನನಗೆ ಹೇಳಬೇಕೆಂದೇನಿಲ್ಲ, ನಾನು ಕೇಳುವುದೂ ಇಲ್ಲ. ನಿನ್ನ ಮೈಯ ಲೆಕ್ಕ ನಿನ್ನ ಡಾಕ್ಟರಿಗೆ ಸರಿಯಾಗಿ ಸಿಕ್ಕರೆ ಸಾಕು. ಈ ಸಾಲನ್ನು ಬರೆಯುವುದೋ ಬೇಡವೋ ಎಂದು ತುಂಬ ಹೊತ್ತು ಕೂತಿದ್ದೆ. ಬರೆದೆ.

ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಎಂದೆಯಲ್ಲ. ಕಲಿಯುವ ಮಕ್ಕಳು ನಾಲ್ಕೈದು ಜನ ಸುತ್ತ ನಿಂತಿರಬಹುದು. ಅವರ ಮುಂದೆ ಪರೀಕ್ಷೆ ಬೇಡ ಎನ್ನಿಸಿದರೆ ಹಾಗೆಂದು ಹೇಳು, ಅದು ನಿನ್ನ ಹಕ್ಕು. ಪರೀಕ್ಷಿಸುವವರು ಗಂಡಸಾದರೆ ನರ್ಸು ಪಕ್ಕದಲ್ಲಿರಲಿ ಎನ್ನು. ಕುರ್ತಾ–ಪ್ಯಾಂಟ್ ಹಾಕಿಕೊಂಡು ಹೋಗು, ಉದ್ದ ಫ್ರಾಕು ಬೇಡ. ಹೊಟ್ಟೆ ನೋಡಬೇಕೆಂದರೆ ಫ್ರಾಕನ್ನು ಪೂರ್ತಿ ಎತ್ತಬೇಕಾಗುತ್ತದೆ. ಆಧಾರ್ ಕಾರ್ಡು, ಹಳೆಯ ರಿಪೋರ್ಟು ಎಲ್ಲ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿರಲಿ, ಕಾರವಾರದ ಮಳೆಗೆ ಕೊಡೆ ಸಾಲುವುದಿಲ್ಲ. ಬ್ಯಾಂಕಿಗೆ ಅರ್ಧ ದಿನ ಅಲ್ಲ, ಪೂರ್ತಿ ದಿನ ರಜೆ ಹಾಕು.

ಹೊಟ್ಟೆಯ ಮೇಲಿಂದ ಸ್ಕ್ಯಾನ್ ಎಂದರೆ ಮೂತ್ರ ಕಟ್ಟಿರಬೇಕು, ಆಗಲೇ ಗರ್ಭಕೋಶ ಸರಿಯಾಗಿ ಕಾಣುವುದು. ಒಂದು ಲೀಟರಿನಷ್ಟು ನೀರು ಕುಡಿದು ಕಾಯಬೇಕು. ಇಲ್ಲೇ ಎಡವಟ್ಟಾಗುವುದು: ನೀರು ಕುಡಿದು ಕೂತ ಮೇಲೆ ಮೂತ್ರದ ಸ್ಯಾಂಪಲ್ ಕೊಡಿ ಎನ್ನುತ್ತಾರೆ, ಕೊಟ್ಟು ಬಂದರೆ ಸ್ಕ್ಯಾನಿಗೆ ಕರೆಯುತ್ತಾರೆ. ಮೊದಲು ಸ್ಯಾಂಪಲ್ ಕೊಟ್ಟು ಆಮೇಲೆ ನೀರಿನ ಬಾಟಲಿ ಮುಟ್ಟು.

ಬಸುರಿಯರಿಗೂ ಉಳಿದವರಿಗೂ ಒಂದೇ ಬೆಂಚು ಇರುತ್ತದೆ. ನಮ್ಮ ಕಡೆಯವರು ಯಾರಾದರೂ ಕಂಡರೆ, ನೀನು ಮನೆ ಮುಟ್ಟುವುದರೊಳಗೆ ಸುದ್ದಿ ಸಿದ್ದಾಪುರ ಮುಟ್ಟಿರುತ್ತದೆ. ಅದನ್ನು ನನಗೆ ಬಿಡು. ಇಲ್ಲಿಗೆ ಬಂದು ಕೇಳಿದವರಿಗೆ ಕುಡಿಯಲು ಆಸ್ರಿ ಕೊಟ್ಟು ಕಳಿಸುವುದು ನನಗೆ ಗೊತ್ತು.

ಸ್ಕ್ಯಾನ್ ರಿಪೋರ್ಟು ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಹುಡುಕಿ, ಪಿಸಿಓಡಿ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇದೆ ಎಂದು ಅಳುತ್ತ ಫೋನ್ ಮಾಡಬೇಡ. ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡ ಮಾತ್ರಕ್ಕೆ ಅದು ಎಂದಾಗುವುದಿಲ್ಲ. ಮುಟ್ಟು ಏರುಪೇರಾಗುವುದು, ಗಂಡು ಹಾರ್ಮೋನು ಹೆಚ್ಚಿರುವ ಲಕ್ಷಣ, ಸ್ಕ್ಯಾನಿನಲ್ಲಿ ಕಾಣುವುದು, ಈ ಮೂರರಲ್ಲಿ ಎರಡಾದರೂ ಇರಬೇಕು. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಕಾರಣವಲ್ಲ ಎಂದೂ ತಿಳಿಯಬೇಕು. ಹಿಮೋಗ್ಲೋಬಿನ್ ಕೂಡ ಬರೆಯಿರಿ ಎಂದು ನೀನೇ ಕೇಳು. 12ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಮಾತ್ರೆ ಕೊಟ್ಟಾರು, ಅದನ್ನು ಚಹದ ಜೊತೆ ನುಂಗಬೇಡ, ಚಹ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಮುಟ್ಟು ಬರಿಸಲು ಮಾತ್ರೆ ಕೊಟ್ಟರೆ, ಸಾಮಾನ್ಯವಾಗಿ ತಿಂದು ಮುಗಿಸಿದ ಕೆಲವು ದಿನಕ್ಕೆ ಮುಟ್ಟಾಗುತ್ತದೆ, ತಿನ್ನುತ್ತಿರುವಾಗ ಅಲ್ಲ. ಕೆಲಸ ಮಾಡುತ್ತಿಲ್ಲ ಎಂದು ನಡುವೆ ಬಿಡಬೇಡ. ಎಷ್ಟು ತಿಂಗಳು ತಿನ್ನಬೇಕು, ಮತ್ತೆ ಯಾವಾಗ ಬರಬೇಕು ಎಂದು ಕೇಳದೆ ಕುರ್ಚಿ ಬಿಟ್ಟು ಏಳಬೇಡ. ಹಿಂದಿನವರು ನೂಕುತ್ತಾರೆ, ನೂಕಲಿ.

ಮಂಗಳವಾರ ನೀನು ಫೋನ್ ಎತ್ತದಿದ್ದರೆ ಅಪ್ಪಯ್ಯ ಕೇಳೇ ಕೇಳುತ್ತಾರೆ. ಅವರಿಗೆ ಎಷ್ಟು ಹೇಳಲಿ ಎಂದು ಮೊದಲೇ ಒಂದು ಮೆಸೇಜು ಹಾಕು. ಏನೂ ಬೇಡ ಎಂದರೆ ಏನೂ ಇಲ್ಲ.

ನಿನ್ನ
ಆಯಿ