ಬೀಜಿಂಗ್‌ನಲ್ಲಿ ನಮ್ಮ ತಂದೆಗೆ ಮಾಡಿಸಿದ ಕಪ್ಪಿಂಗ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ

ವಿಷಯ: ಗೈಡ್ ಕೊಟ್ಟ ತಪ್ಪು ಮಾಹಿತಿಯಿಂದ ಆದ ಗಾಯ ಮತ್ತು ಖರ್ಚು

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಚೀನಾ ಪ್ರವಾಸಕ್ಕೆ ನಾನು, ಅಪ್ಪ, ಅಮ್ಮ ಬಂದಿದ್ದೆವು. ಊಟ, ಹೋಟೆಲ್ ಬಗ್ಗೆ ನನ್ನ ತಕರಾರಿಲ್ಲ. ದೂರು ಇರುವುದು ಮೂರನೇ ದಿನ ಅಪ್ಪನಿಗೆ ಮಾಡಿಸಿದ ಕಪ್ಪಿಂಗ್ ಬಗ್ಗೆ, ಅಂದರೆ ಬೆನ್ನಿಗೆ ಕಪ್ ಕವುಚಿ ಚರ್ಮ ಎಳೆದು ಹಿಡಿಸುವ ಚಿಕಿತ್ಸೆಯ ಬಗ್ಗೆ.

ಅಂದು ಮಹಾಗೋಡೆಗೆ ಹೋಗುವ ಮುಂಚೆ ನಮ್ಮನ್ನು ಒಂದು ಚೀನೀ ವೈದ್ಯಶಾಲೆಗೆ ಕರೆದೊಯ್ದರು. ಬಸ್ಸಿನಲ್ಲೇ ಗೈಡ್ ಮೊಬೈಲ್ ಹಿಡಿದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಕಪ್ಪಿಂಗ್‌ನಿಂದ ಬಿದ್ದಿದ್ದ ದುಂಡನೆಯ ಕಲೆಗಳನ್ನು ಎಲ್ಲರಿಗೂ ತೋರಿಸಿದ. ಫೆಲ್ಪ್ಸ್‌ಗೆ ಆಗ 31 ವರ್ಷ. ನಮ್ಮ ತಂದೆಗೆ 68. ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ದಿನಾ ತಗೊಳ್ತಾರೆ, ಸಕ್ಕರೆ ಕಾಯಿಲೆಯೂ ಇದೆ. ಇದನ್ನೆಲ್ಲ ಬುಕಿಂಗ್ ಫಾರಂನಲ್ಲಿ ನಾನೇ ಬರೆದುಕೊಟ್ಟಿದ್ದೆ.

ಅಲ್ಲಿನ ಹಿರಿಯ ವೈದ್ಯರು ಅಪ್ಪನ ನಾಡಿ ಹಿಡಿದರು, ನಾಲಿಗೆ ನೋಡಿದರು, ಏನೋ ಕೇಳಿದರು. ಗೈಡ್ ನಮ್ಮ ಕಡೆ ತಿರುಗಲೂ ಇಲ್ಲ, ತಾನೇ ಉತ್ತರ ಕೊಟ್ಟ. ನಮ್ಮ ತಂಡದಲ್ಲಿ ಚೀನಾದಲ್ಲಿ ಮೆಡಿಕಲ್ ಓದಿದ ಹುಡುಗಿಯೊಬ್ಬಳಿದ್ದಳು. ಸಂಜೆ ಅವಳಿಂದ ಗೊತ್ತಾಯಿತು. ವೈದ್ಯರು ಕೇಳಿದ್ದು, "ಯಾವುದಾದರೂ ಮಾತ್ರೆ ತಗೊಳ್ತಾರಾ?" ಅಂತ. ಗೈಡ್ ಹೇಳಿದ್ದು, "ಇಲ್ಲ."

ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಹೊತ್ತಿಸಿ, ಗಾಜಿನ ಕಪ್ಪಿನೊಳಗೆ ಒಮ್ಮೆ ಆಡಿಸಿ ತೆಗೆದು, ಕಪ್ಪನ್ನು ಬೆನ್ನಿಗೆ ಕವುಚಿದರು. ಒಳಗಿನ ಗಾಳಿ ತಣಿದ ಹಾಗೆ ಅದು ಚರ್ಮವನ್ನು ಎಳೆದು ಹಿಡಿಯುತ್ತದೆ. ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಕಲೆ ಬೀಳುವುದು ಇದರಿಂದಲೇ. ರಕ್ತ ಬೇಗ ಹೆಪ್ಪುಗಟ್ಟದವರಿಗೆ ಇದು ಅಪಾಯ. ಸಾಮಾನ್ಯವಾಗಿ 5ರಿಂದ 15 ನಿಮಿಷ ಇಡುತ್ತಾರೆ. ಅಪ್ಪನ ಬೆನ್ನ ಮೇಲೆ ಎಂಟು ಕಪ್ 25 ನಿಮಿಷ ಇದ್ದವು, ಏಕೆಂದರೆ ಅಷ್ಟರಲ್ಲಿ ಎಲ್ಲರೂ ಔಷಧಿ ಮಾರುವ ಕೋಣೆಗೆ ಹೋಗಿದ್ದರು. ಅಮ್ಮನೇ ಕೂಗಿ ಕರೆಯಬೇಕಾಯಿತು.

ಬೆನ್ನು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. "ಕಪ್ಪಾದಷ್ಟೂ ವಿಷ ಜಾಸ್ತಿ ಹೊರಗೆ ಬಂದಿದೆ" ಎಂದ ಗೈಡ್. ಅದು ವಿಷವಲ್ಲ, ಚರ್ಮದಡಿ ನಿಂತ ರಕ್ತ. ಕಪ್ಪಿಂಗ್ ಆದ ಮೇಲೆ ಮೈ ಬೆಚ್ಚಗಿಡಬೇಕು ಎನ್ನುತ್ತಾರೆ ಚೀನೀ ವೈದ್ಯರು. ನಮ್ಮನ್ನು ನೇರ ಮಹಾಗೋಡೆಯ ಆ ಗಾಳಿಗೆ ಒಯ್ದರು. ರಾತ್ರಿ ಬೆನ್ನ ತುಂಬ ನೀರುಗುಳ್ಳೆ ಎದ್ದವು. ಎರಡು ಒಡೆದು, ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಓಡಿದೆವು. ಮುಂದಿನ ಎರಡು ದಿನ ಹೋಟೆಲ್ ಕೋಣೆಯಲ್ಲೇ ಕಳೆದೆವು.

ಈ ಚಿಕಿತ್ಸೆಯನ್ನು ನಾನು ಹೀಗಳೆಯುತ್ತಿಲ್ಲ. ನಮ್ಮ ಆಯುರ್ವೇದದಲ್ಲೂ ಕೊಂಬು, ಸೋರೆಬುರುಡೆ ಇಟ್ಟು ರಕ್ತ ತೆಗೆಯುವ ಪದ್ಧತಿ ಇದೆ ಅಲ್ವಾ? ನಾಲ್ಕನೇ ಶತಮಾನದಲ್ಲಿ 'ಗೆ ಹಾಂಗ್' ಎಂಬ ಚೀನೀ ವೈದ್ಯ ಕೂಡ ಕೆಲವು ಬಗೆಯ ಬಾವು, ಗಡ್ಡೆಗಳಿಗೆ ಕೊಂಬು (ಆಗ ಕಪ್ಪಿನ ಬದಲು ಬಳಸುತ್ತಿದ್ದದ್ದು) ಇಡಲೇಬಾರದು ಎಂದು ಎಚ್ಚರಿಸಿದ್ದ. ಯಾರಿಗೆ ಮಾಡಬಾರದು ಎಂದು ನೋಡುವುದು ಆ ವೈದ್ಯಪದ್ಧತಿಯದ್ದೇ ಭಾಗ. ಆ ಹಿರಿಯರು ಅದನ್ನೇ ಮಾಡಹೊರಟಿದ್ದರು. ತಡೆದದ್ದು ನಿಮ್ಮವರು.

ಆಸ್ಪತ್ರೆಯ 2,150 ಯುವಾನ್, ಕಪ್ಪಿಂಗ್‌ಗೆಂದು ವಸೂಲಿ ಮಾಡಿದ 300 ಯುವಾನ್, ತಪ್ಪಿಹೋದ ಎರಡು ದಿನದ ಹಣ ವಾಪಸ್ ಕೊಡಿ. ಬಿಲ್ಲು, ಫೋಟೊ, ಫಾರಂನ ಪ್ರತಿ ಲಗತ್ತಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇನ್ನೊಂದು ಮಾತು. ನಿಮ್ಮ ಮುಂದಿನ ತಂಡ ಇದೇ ತಿಂಗಳು ಹೊರಡುತ್ತಿದೆ. ಅದರಲ್ಲೂ ವಯಸ್ಸಾದವರೇ ಜಾಸ್ತಿ ಎಂದು ಕೇಳಿದೆ. ಅವರು ವಿಮಾನ ಹತ್ತುವ ಮೊದಲೇ ಆ ಫಾರಂಗಳನ್ನು ಗೈಡ್ ಕೈಗೆ ಕೊಟ್ಟು ಓದಿಸಿ.

ಇಂತಿ,
ನಿಮ್ಮ ಪ್ರವಾಸದ ಗ್ರಾಹಕಿ,
ಮೈಸೂರು