ತಾರ್ತುಫ್: ಐದು ವರ್ಷ ಕಾದ ಪ್ರಹಸನ

ಮಾನ್ಯರೇ,

ಹಾಸ್ಯ ನಾಟಕವೆಂದರೆ ಹಗುರವೆಂದು ತಿಳಿದವರು ಫ್ರಾನ್ಸಿನ ನಾಟಕಕಾರ ಮೊಲಿಯೇರನ ‘ತಾರ್ತುಫ್’ ಪಟ್ಟ ಪಾಡನ್ನು ಗಮನಿಸಬೇಕು. 1664ರ ಮೇ ತಿಂಗಳಲ್ಲಿ ವರ್ಸೇಯಲ್ಲಿ ದೊರೆ ಹದಿನಾಲ್ಕನೆಯ ಲೂಯಿಯ ಎದುರು ಅದನ್ನು ಮೊದಲು ಆಡಿದಾಗ, ಕಪಟ ಭಕ್ತನ ಗೇಲಿಯನ್ನು ಭಕ್ತಿಯದೇ ಗೇಲಿಯೆಂದು ಧರ್ಮನಿಷ್ಠರು ಗುಲ್ಲೆಬ್ಬಿಸಿದ್ದರಿಂದ ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಬಿತ್ತು. 1667ರಲ್ಲಿ ಹೆಸರು ಬದಲಿಸಿ ಪ್ಯಾರಿಸ್ಸಿನಲ್ಲಿ ಆಡಿದ್ದು ಒಂದೇ ದಿನ; ಮರುದಿನವೇ ಮತ್ತೆ ನಿಷೇಧ. 1669ರ ಫೆಬ್ರುವರಿ 5ರಂದು ಕೊನೆಗೂ ಅನುಮತಿಯೊಡನೆ ರಂಗಕ್ಕೇರಿದಾಗ ಜನ ಮುಗಿಬಿದ್ದರು. ಕಪಟ ಭಕ್ತ ತಾರ್ತುಫ್‌ನ ನಿಜರೂಪ ತೋರಿಸಲು ಹೆಂಡತಿಯೇ ಮೇಜಿನಡಿ ಅಡಗಿಸಿದ ಗಂಡ, ಹೊರಬರಲೆಂದು ಅವಳು ಬೇಕೆಂದೇ ಕೆಮ್ಮಿದರೂ ಆತ ಮಿಸುಕದ ದೃಶ್ಯ ಇಂದಿಗೂ ನಗಿಸುತ್ತದೆ. ಆ ಮಂಕು ಗಂಡನಾಗಿ ನಟಿಸಿದವನು ಮೊಲಿಯೇರನೇ. ಶೀರ್ಷಿಕೆಯ ಪಾತ್ರವನ್ನು ಮೂರನೆಯ ಅಂಕದವರೆಗೆ ತೋರಿಸದಿರುವುದು, ನನ್ನ ಮಟ್ಟಿಗೆ, ಅವನ ದೊಡ್ಡ ಜಾಣ್ಮೆ.

ಇತಿ,
ಒಬ್ಬ ರಂಗಾಸಕ್ತ